ಬಿದ್ದ ನಾಟಕ, ಎದ್ದ ಹಾಡು

ಬುಧವಾರ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ನ್ಯೂಯಾರ್ಕ್ ನಗರದ 44ನೇ ರಸ್ತೆ ಸಣ್ಣದೊಂದು ಜಾತ್ರೆಯಂತೆ ಕಾಣುತ್ತದೆ. ಮಧ್ಯಾಹ್ನದ ಆಟಕ್ಕೆ ಬಂದವರು ರಂಗಮಂದಿರದ ಬಾಗಿಲಿನಿಂದ ಬೀದಿಯ ತಿರುವಿನವರೆಗೆ ಸಾಲುಗಟ್ಟಿ ನಿಂತಿರುತ್ತಾರೆ. ಶಾಲಾ ಮಕ್ಕಳನ್ನು ಕರೆತಂದ ಶಿಕ್ಷಕಿಯರು, ನಕ್ಷೆ ಹಿಡಿದ ವಿದೇಶೀಯರು, ಊರುಗೋಲು ಊರಿಕೊಂಡು ಬಂದ ಹಿರಿಯರು, ಎಲ್ಲರೂ ಒಂದೇ ಸಾಲಿನಲ್ಲಿ. ತಲೆಯ ಮೇಲೆ ನಾಟಕದ ಹೆಸರು ಹೊತ್ತ ದೀಪದ ಫಲಕಗಳು ಹಗಲಿನಲ್ಲೂ ಉರಿಯುತ್ತಿರುತ್ತವೆ. ಇದೇ ಜಗತ್ಪ್ರಸಿದ್ಧ ಬ್ರಾಡ್‌ವೇ.

ಬ್ರಾಡ್‌ವೇ ಎಂಬುದು ಮ್ಯಾನ್‌ಹಟನ್ ದ್ವೀಪವನ್ನು ಉದ್ದಕ್ಕೂ ಸೀಳಿಕೊಂಡು ಹೋಗುವ ಒಂದು ರಸ್ತೆಯ ಹೆಸರು. ಆದರೆ ರಂಗಭೂಮಿಯ ಮಾತಿನಲ್ಲಿ ಬ್ರಾಡ್‌ವೇ ಎಂದರೆ 500ಕ್ಕೂ ಹೆಚ್ಚು ಆಸನಗಳಿರುವ 41 ರಂಗಮಂದಿರಗಳ ಒಂದು ಕೇರಿ. ಅವುಗಳಲ್ಲಿ ಆ ರಸ್ತೆಗೇ ಮುಖಮಾಡಿ ನಿಂತಿರುವವು ಬೆರಳೆಣಿಕೆಯಷ್ಟು ಮಾತ್ರ. ಉಳಿದವೆಲ್ಲ ಅಕ್ಕಪಕ್ಕದ ಅಡ್ಡರಸ್ತೆಗಳಲ್ಲಿವೆ.

ಇಲ್ಲಿಗೆ ಬರುವ ಪ್ರವಾಸಿಗರು ಗೆದ್ದ ನಾಟಕಗಳ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಅದು ಸಹಜ. ಆದರೆ ಇದೇ ಕೇರಿಯಲ್ಲಿ ಸೋತ ನಾಟಕಗಳ ದಾರಿಯೂ ಒಂದಿದೆ. ವಾರದೊಳಗೆ, ತಿಂಗಳೊಳಗೆ ಪರದೆ ಎಳೆದುಕೊಂಡ ಸಂಗೀತ ನಾಟಕಗಳು ಇಲ್ಲಿ ಲೆಕ್ಕವಿಲ್ಲದಷ್ಟು. ಅವುಗಳ ಕಥೆಯನ್ನು ಯಾರೂ ನೆನಪಿಟ್ಟುಕೊಂಡಿಲ್ಲ, ಹತ್ತು ಹನ್ನೆರಡು ಹಾಡುಗಳಲ್ಲಿ ಬಹುಪಾಲು ಯಾರ ಬಾಯಲ್ಲೂ ಇಲ್ಲ. ಆದರೂ ಕೆಲವು ನಾಟಕಗಳಿಂದ ಒಂದೇ ಒಂದು ಹಾಡು ಹೇಗೋ ತಪ್ಪಿಸಿಕೊಂಡು ಹೊರಬಂದು ಪ್ರಪಂಚ ಸುತ್ತಿದೆ. 44ನೇ ರಸ್ತೆಯಿಂದ ಉತ್ತರಕ್ಕೆ 65ನೇ ರಸ್ತೆಯವರೆಗೆ ನಡೆದರೆ ಅಂಥ ನಾಲ್ಕು ಹಾಡುಗಳು ಹುಟ್ಟಿದ ಜಾಗಗಳು ಸಿಗುತ್ತವೆ. ದೂರ ಹೆಚ್ಚೆಂದರೆ ಎರಡು ಕಿಲೋಮೀಟರು.

ಎಲ್ಲರಿಗೂ ಸ್ವಾಗತ, ಆದರೆ ಉಳಿದದ್ದು ಒಬ್ಬರೇ

ನಡಿಗೆ ಆರಂಭವಾಗುವುದು 44ನೇ ರಸ್ತೆಯ ಶುಬರ್ಟ್ ರಂಗಮಂದಿರದ ಎದುರಿನಲ್ಲಿ. 1905ರಲ್ಲಿ ರೈಲು ಅಪಘಾತದಲ್ಲಿ ತೀರಿಕೊಂಡ ಸ್ಯಾಮ್ ಶುಬರ್ಟ್ ನೆನಪಿಗೆ ಅವರ ಸೋದರರು 1913ರಲ್ಲಿ ಕಟ್ಟಿಸಿದ ಮಂದಿರವಿದು. ಪಕ್ಕದಲ್ಲೇ 45ನೇ ರಸ್ತೆಗೆ ಹಾಯುವ ಶುಬರ್ಟ್ ಓಣಿ ಇದೆ. ಅವಕಾಶ ಕೇಳಿಕೊಂಡು ಬಂದ ನಟನಟಿಯರು ಒಂದು ಕಾಲದಲ್ಲಿ ಈ ಓಣಿಯಲ್ಲಿ ಕಾದು ನಿಲ್ಲುತ್ತಿದ್ದರು. 'ಎ ಕೋರಸ್ ಲೈನ್' ಎಂಬ ಸಂಗೀತ ನಾಟಕ 1975ರಿಂದ 1990ರವರೆಗೆ ಇದೇ ಮಂದಿರದಲ್ಲಿ 6,137 ಪ್ರಯೋಗಗಳನ್ನು ಕಂಡಿತು.

ಅದಕ್ಕೂ ಬಹಳ ಹಿಂದೆ, 1931ರ ಅಕ್ಟೋಬರ್‌ನಲ್ಲಿ, ಇಲ್ಲಿ 'ಎವೆರಿಬಡೀಸ್ ವೆಲ್‌ಕಮ್' ಎಂಬ ನಾಟಕ ತೆರೆಕಂಡಿತು. ಸಂಗೀತ ಸ್ಯಾಮಿ ಫೇನ್ ಅವರದು, ಸಾಹಿತ್ಯ ಅರ್ವಿಂಗ್ ಕಹಾಲ್ ಅವರದು. ಇಬ್ಬರೂ ಮೂವತ್ತು ದಾಟದ ಹುಡುಗರು. ನಾಟಕ 139 ಪ್ರಯೋಗಗಳ ನಂತರ ನಿಂತುಹೋಯಿತು. ಆ ಗೆಳೆಯರು ಇದಕ್ಕಾಗಿ ಬರೆದ ಹಾಡುಗಳನ್ನು ಇಂದು ಹುಡುಕಿ ಹಾಡುವವರಿಲ್ಲ.

ಅಂದಿನ ಬ್ರಾಡ್‌ವೇಯಲ್ಲಿ ಒಂದು ರೂಢಿಯಿತ್ತು. ನಾಟಕಕ್ಕೆ ಎಲ್ಲೋ ಜೀವ ಸಾಲದು ಎನಿಸಿದರೆ ನಿರ್ಮಾಪಕರು ಬೇರೊಬ್ಬರ ಹಾಡನ್ನು ತಂದು ನಡುವೆ ಸೇರಿಸುತ್ತಿದ್ದರು. ಹೊಲಿದ ಅಂಗಿಗೆ ಹೊರಗಿನ ಗುಂಡಿ ಹಾಕಿದ ಹಾಗೆ. ಹೀಗೆ ಬಂದದ್ದು ಹರ್ಮನ್ ಹಪ್‌ಫೆಲ್ಡ್ ಬರೆದು ರಾಗ ಹಾಕಿದ 'ಆ್ಯಸ್ ಟೈಮ್ ಗೋಸ್ ಬೈ'. ಫ್ರಾನ್ಸೆಸ್ ವಿಲಿಯಮ್ಸ್ ಎಂಬ ನಟಿ ಅದನ್ನು ಹಾಡಿದಳು. ರೂಡಿ ವ್ಯಾಲಿ ಅದೇ ವರ್ಷ ಅದನ್ನು ಗ್ರಾಮಫೋನ್ ತಟ್ಟೆಗೆ ಹಾಡಿದರು. ಅಷ್ಟಿಷ್ಟು ಹೆಸರು ಬಂತು. ನಂತರ ನಾಟಕದ ಜೊತೆ ಹಾಡೂ ಮರೆಯಾಯಿತು.

ಹಪ್‌ಫೆಲ್ಡ್ ನ್ಯೂಜೆರ್ಸಿಯ ಮಾಂಟ್‌ಕ್ಲೇರ್ ಎಂಬ ಊರಿನವರು. ಬಾಳಿನುದ್ದಕ್ಕೂ ಅಲ್ಲೇ ಇದ್ದವರು. ಇಡೀ ನಾಟಕಕ್ಕೆ ಸಂಗೀತ ಕೊಡುವ ಆಸೆಗೆ ಬೀಳದೆ, ಇತರರ ನಾಟಕಗಳಿಗೆ ಬಿಡಿ ಹಾಡುಗಳನ್ನು ಬರೆದುಕೊಡುತ್ತಿದ್ದರು. ಅವರ ಈ ಹಾಡಿನ ಮುಂದಿನ ಕಥೆ ಇಲ್ಲಿಂದ ಏಳು ರಸ್ತೆ ಆಚೆಗಿದೆ. ಅಲ್ಲಿಗೆ ಹೋಗುವ ಮೊದಲು ದಾರಿಯಲ್ಲಿ ಇನ್ನೊಂದು ಬಾಗಿಲು ಸಿಗುತ್ತದೆ.

ಹದಿನೈದೇ ಪ್ರಯೋಗ

46ನೇ ರಸ್ತೆಯ ರಿಚರ್ಡ್ ರಾಜರ್ಸ್ ರಂಗಮಂದಿರದ ಮುಂದೆ ಜನಜಂಗುಳಿ ತಪ್ಪಿದ್ದಲ್ಲ. ಅಮೆರಿಕದ ಸ್ಥಾಪಕರಲ್ಲೊಬ್ಬನ ಕಥೆ ಹೇಳುವ 'ಹ್ಯಾಮಿಲ್ಟನ್' 2015ರ ಆಗಸ್ಟ್‌ನಲ್ಲಿ ಇಲ್ಲಿ ಶುರುವಾಗಿ ಮೂರು ಸಾವಿರಕ್ಕೂ ಹೆಚ್ಚು ಪ್ರಯೋಗ ಕಂಡಿತು. ಮಂದಿರ ತೆರೆದದ್ದು 1924ರ ಕೊನೆಯಲ್ಲಿ. ಅಂದಿನ ಹಲವು ಮಂದಿರಗಳಲ್ಲಿ ಅಗ್ಗದ ಟಿಕೇಟಿನವರು ಪಕ್ಕದ ಬೇರೆ ಬಾಗಿಲಿನಿಂದ ಮೇಲಂತಸ್ತು ಹತ್ತಬೇಕಿತ್ತು. ಇಲ್ಲಿ ಮಾತ್ರ ಎಲ್ಲರಿಗೂ ಒಂದೇ ಬಾಗಿಲು ಇಡಲಾಯಿತು. 1990ರಲ್ಲಿ ಹೊಸ ಹೆಸರು ಬರುವ ತನಕ ಇದು 46ನೇ ರಸ್ತೆಯ ರಂಗಮಂದಿರ ಎಂದೇ ಪ್ರಸಿದ್ಧವಾಗಿತ್ತು.

1938ರ ಜನವರಿ 5ರಂದು ಇಲ್ಲಿ 'ರೈಟ್ ದಿಸ್ ವೇ' ಎಂಬ ನಾಟಕದ ಪರದೆ ಮೇಲೆದ್ದಿತು. ಜನವರಿ 15ರಂದು ಕೊನೆಯ ಬಾರಿಗೆ ಇಳಿಯಿತು. ನಡೆದದ್ದು ಹದಿನೈದೇ ಪ್ರಯೋಗ. ಅದರಲ್ಲಿ ಕೆಲವು ಹಾಡುಗಳನ್ನು ಬರೆದವರು ಮತ್ತೆ ಅದೇ ಫೇನ್ ಮತ್ತು ಕಹಾಲ್. ಆರು ವರ್ಷಗಳ ಹಿಂದೆ ಅವರ ನಾಟಕದಲ್ಲಿ ಉಳಿದದ್ದು ಬೇರೊಬ್ಬರ ಹಾಡು. ಈ ಸಲ ಉಳಿಯಬೇಕಾದ ಹಾಡು ಅವರದೇ ಆಗಿತ್ತು. ಅದು ಮಾತ್ರ ಆಗ ಯಾರಿಗೂ ತಿಳಿಯಲಿಲ್ಲ.

ಆ ಹಾಡೇ 'ಐ ವಿಲ್ ಬಿ ಸೀಯಿಂಗ್ ಯು'. ರಂಗದ ಮೇಲೆ ಹಾಡಿದವಳು ಟಮಾರಾ ಡ್ರಾಸಿನ್, ಉಕ್ರೇನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಗಾಯಕಿ. ಪ್ರೇಕ್ಷಕರಿಗೆ ಬರೀ 'ಟಮಾರಾ' ಎಂಬ ಹೆಸರಿನಿಂದಲೇ ಪರಿಚಿತೆ. 1933ರಲ್ಲಿ 42ನೇ ರಸ್ತೆಯ ನ್ಯೂ ಆಮ್‌ಸ್ಟರ್‌ಡ್ಯಾಮ್ ರಂಗಮಂದಿರದಲ್ಲಿ 'ರಾಬರ್ಟಾ' ನಾಟಕದ 'ಸ್ಮೋಕ್ ಗೆಟ್ಸ್ ಇನ್ ಯುವರ್ ಐಸ್' ಹಾಡನ್ನು ಮೊದಲು ಹಾಡಿದ್ದೂ ಆಕೆಯೇ.

ಅಗಲಿದವರು ಜೊತೆಯಾಗಿ ಓಡಾಡಿದ ಜಾಗಗಳಲ್ಲೆಲ್ಲ ಮತ್ತೆ ಕಾಣಿಸುತ್ತಾರೆ ಎಂಬುದೇ ಆ ಹಾಡಿನ ಭಾವ. ಅದರಲ್ಲಿ ನಾಟಕದ ಯಾವ ಪಾತ್ರದ ಹೆಸರೂ ಇಲ್ಲ, ಕಥೆಯ ಯಾವ ತಿರುವೂ ಇಲ್ಲ. ಯಾವ ಊರಿನವರು ಕೇಳಿದರೂ ತಮ್ಮ ಊರಿನದೇ ಬೀದಿ, ತಮ್ಮದೇ ಉದ್ಯಾನ ಕಣ್ಣ ಮುಂದೆ ಬರುವಂತಿದೆ. 1938ರ ಜನವರಿಯಲ್ಲಿ ಅಂಥ ಹಾಡಿನ ಅಗತ್ಯ ಬ್ರಾಡ್‌ವೇಗೆ ಅಷ್ಟಾಗಿ ಕಾಣಲಿಲ್ಲ. ನಾಲ್ಕು ವರ್ಷಗಳಲ್ಲಿ ಕಾಲ ಬದಲಾಯಿತು. ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿಯಿತು. ಲಕ್ಷಾಂತರ ಮನೆಗಳಿಂದ ಗಂಡುಮಕ್ಕಳು ಹಡಗು ಹತ್ತಿ ಹೋದರು. ಪ್ರತಿ ಮನೆಯಲ್ಲೂ ಒಂದು ಖಾಲಿ ಕುರ್ಚಿ.

1944ರಲ್ಲಿ ಬಿಂಗ್ ಕ್ರಾಸ್ಬಿ ಈ ಹಾಡನ್ನು ತಟ್ಟೆಗೆ ಹಾಡಿದರು. ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ವರ್ಷ ಬಿಲ್ಲಿ ಹಾಲಿಡೇ ತಮ್ಮ ನೋವು ತುಂಬಿದ ದನಿಯಲ್ಲಿ ಹಾಡಿದರು. ಹಾಡಿನ ಹೆಸರನ್ನೇ ಇಟ್ಟುಕೊಂಡು ಒಂದು ಚಲನಚಿತ್ರವೂ ಬಂತು.

ಆದರೆ ಸಾಹಿತ್ಯ ಬರೆದ ಕಹಾಲ್ ಇದನ್ನು ನೋಡಲಿಲ್ಲ. 1942ರ ಫೆಬ್ರವರಿಯಲ್ಲಿ, 38ನೇ ವಯಸ್ಸಿನಲ್ಲೇ, ಅವರು ತೀರಿಕೊಂಡಿದ್ದರು. ಮೊದಲು ಹಾಡಿದ ಟಮಾರಾ ಕೂಡ ನೋಡಲಿಲ್ಲ. ಸೈನಿಕರಿಗೆ ಹಾಡಿ ರಂಜಿಸಲು ಯೂರೋಪಿಗೆ ಹೊರಟಿದ್ದ ಆಕೆ, 1943ರ ಫೆಬ್ರವರಿ 22ರಂದು ಲಿಸ್ಬನ್ ನಗರದ ಬಳಿ 'ಯಾಂಕಿ ಕ್ಲಿಪ್ಪರ್' ಎಂಬ ಜಲವಿಮಾನ ನದಿಗೆ ಅಪ್ಪಳಿಸಿದಾಗ ಮಡಿದಳು. ಮೂವರಲ್ಲಿ ಫೇನ್ ಒಬ್ಬರೇ ಹಾಡಿನ ಏಳಿಗೆ ಕಂಡರು. ಮುಂದೆ ಚಲನಚಿತ್ರ ಗೀತೆಗಳಿಗಾಗಿ ಎರಡು ಆಸ್ಕರ್ ಪಡೆದು 1989ರವರೆಗೆ ಬದುಕಿದ್ದರು.

ಹಾಡಿನ ಪಯಣ ಅಲ್ಲಿಗೂ ನಿಲ್ಲಲಿಲ್ಲ. ಮಂಗಳ ಗ್ರಹದಲ್ಲಿ 2004ರಿಂದ ಓಡಾಡುತ್ತಿದ್ದ 'ಆಪರ್ಚುನಿಟಿ' ಎಂಬ ಶೋಧಕ ಬಂಡಿ 2018ರ ಧೂಳಿನ ಬಿರುಗಾಳಿಯ ನಂತರ ಮೌನವಾಯಿತು. ನಾಸಾ ವಿಜ್ಞಾನಿಗಳು ತಿಂಗಳುಗಟ್ಟಲೆ ಅದನ್ನು ಎಬ್ಬಿಸಲು ಯತ್ನಿಸಿದರು. 2019ರ ಫೆಬ್ರವರಿ 12ರ ರಾತ್ರಿ ಕೊನೆಯ ಸಂದೇಶ ಕಳಿಸಿದಾಗ ಅವರು ಆರಿಸಿಕೊಂಡ ಬೀಳ್ಕೊಡುಗೆಯ ಹಾಡು ಬಿಲ್ಲಿ ಹಾಲಿಡೇ ಹಾಡಿದ 'ಐ ವಿಲ್ ಬಿ ಸೀಯಿಂಗ್ ಯು'. ಹದಿನೈದು ಪ್ರಯೋಗಕ್ಕೆ ಮುಗಿದ ನಾಟಕದಿಂದ ಹೊರಟ ಹಾಡು ಅದು.

ಏಳು ರಸ್ತೆ, ಹನ್ನೊಂದು ವರ್ಷ

46ನೇ ರಸ್ತೆಯಿಂದ ಮುಂದೆ ಬಂದರೆ ಅಗ್ಗದ ದರದ ಟಿಕೇಟು ಮಾರುವ ಕಟ್ಟೆ ಸಿಗುತ್ತದೆ. 1973ರಿಂದ ನಡೆದುಬಂದ ವ್ಯವಸ್ಥೆಯಿದು. ಅಂದಿನ ಆಟಕ್ಕೆ ಉಳಿದ ಆಸನಗಳು ಇಲ್ಲಿ ಅರ್ಧ ಬೆಲೆಯ ತನಕ ಇಳಿದು ಸಿಗುವುದುಂಟು. ಕಟ್ಟೆಯ ಮೇಲಿನ ಕೆಂಪು ಗಾಜಿನ ಮೆಟ್ಟಿಲುಗಳ ಮೇಲೆ ಕುಳಿತರೆ ಇಡೀ ಟೈಮ್ಸ್ ಸ್ಕ್ವೇರ್ ಕಣ್ಣೆದುರು. ನಡೆದು ದಣಿದವರಿಗೆ ಖರ್ಚಿಲ್ಲದ ವಿಶ್ರಾಂತಿ.

ಅಲ್ಲಿಂದ 51ನೇ ರಸ್ತೆಗೆ ತಿರುಗಿದರೆ ಒಂದು ವೈಭವದ ಕಟ್ಟಡ. ಇಂದು ಅದು ಪ್ರಾರ್ಥನಾ ಮಂದಿರ. ಕಟ್ಟಿದ್ದು 1930ರಲ್ಲಿ, ಹಾಲಿವುಡ್ ಥಿಯೇಟರ್ ಎಂಬ ಚಿತ್ರಮಂದಿರವಾಗಿ. ಮುಂದೆ ನಾಟಕಶಾಲೆಯಾಗಿ 1956ರಲ್ಲಿ 'ಮೈ ಫೇರ್ ಲೇಡಿ'ಯನ್ನು ಕಂಡದ್ದೂ ಇದೇ. 1942ರ ನವೆಂಬರ್ 26ರಂದು ಇಲ್ಲಿ 'ಕಾಸಾಬ್ಲಾಂಕಾ' ಚಿತ್ರದ ಮೊದಲ ಪ್ರದರ್ಶನ ನಡೆಯಿತು.

ಚಿತ್ರಕ್ಕೆ ಮೂಲ ಒಂದು ನಾಟಕ. ಬರೆದವರಲ್ಲಿ ಒಬ್ಬರು ಮರೇ ಬರ್ನೆಟ್, ನ್ಯೂಯಾರ್ಕಿನ ಒಬ್ಬ ಶಾಲಾ ಶಿಕ್ಷಕರು. ಜೋನ್ ಆಲಿಸನ್ ಜೊತೆಗೂಡಿ 1940ರಲ್ಲಿ ಬರೆದ ಆ ನಾಟಕ ರಂಗವನ್ನೇ ಏರಲಿಲ್ಲ. ಕೊನೆಗೆ ವಾರ್ನರ್ ಕಂಪೆನಿ ಅದನ್ನು 20,000 ಡಾಲರಿಗೆ ಕೊಂಡಿತು. ಬರ್ನೆಟ್ ಕಾಲೇಜಿನಲ್ಲಿ ಓದುವಾಗ ಹಪ್‌ಫೆಲ್ಡ್ ಹಾಡನ್ನು ಬಹಳ ಮೆಚ್ಚಿದ್ದರು. ಎಲ್ಲರೂ ಮರೆತ ಮೇಲೂ ಅವರಿಗೆ ಅದು ಮರೆಯಲಿಲ್ಲ. ತಮ್ಮ ನಾಟಕದ ಪಿಯಾನೋ ವಾದಕನ ಬಾಯಲ್ಲಿ ಅದೇ ಹಾಡನ್ನಿಟ್ಟರು.

ಚಿತ್ರದಲ್ಲಿ ಅದನ್ನು ಹಾಡಿದವರು ಡೂಲಿ ವಿಲ್ಸನ್. ಅವರು ನಿಜದಲ್ಲಿ ಡ್ರಮ್ ವಾದಕರು, ಪಿಯಾನೋ ಬಾರದು. ಪರದೆಯ ಹಿಂದೆ ಬೇರೊಬ್ಬರು ನುಡಿಸಿದರು. ಚಿತ್ರಕ್ಕೆ ಸಂಗೀತ ಕೊಟ್ಟ ಮ್ಯಾಕ್ಸ್ ಸ್ಟೈನರ್‌ಗೆ ಈ ಹಳೆಯ ಹಾಡು ಇಷ್ಟವಿರಲಿಲ್ಲ, ತಮ್ಮದೇ ಹಾಡು ಹಾಕಲು ಬಯಸಿದ್ದರು. ಅಷ್ಟರಲ್ಲಿ ನಾಯಕಿ ಇಂಗ್ರಿಡ್ ಬರ್ಗ್‌ಮನ್ ಮುಂದಿನ ಚಿತ್ರಕ್ಕಾಗಿ ಕೂದಲು ಕತ್ತರಿಸಿಕೊಂಡಿದ್ದರಿಂದ ದೃಶ್ಯಗಳನ್ನು ಮತ್ತೆ ಚಿತ್ರೀಕರಿಸಲಾಗಲಿಲ್ಲ ಎಂದು ಹೇಳುತ್ತಾರೆ. ಹಾಡು ಉಳಿಯಿತು.

ಚಿತ್ರ ನೋಡಿದವರಿಗೆ ಹಾಡಿನ ತಟ್ಟೆ ಬೇಕಾಯಿತು. ಆದರೆ 1942ರ ಆಗಸ್ಟ್‌ನಿಂದ ಸಂಗೀತಗಾರರ ಸಂಘ ಧ್ವನಿಮುದ್ರಣವನ್ನು ಬಹಿಷ್ಕರಿಸಿತ್ತು. ಹೊಸ ತಟ್ಟೆ ಮಾಡುವಂತಿಲ್ಲ. ಕಂಪೆನಿ ರೂಡಿ ವ್ಯಾಲಿಯ 1931ರ ಹಳೆಯ ತಟ್ಟೆಯನ್ನೇ ಧೂಳು ಕೊಡವಿ ಮತ್ತೆ ಮಾರುಕಟ್ಟೆಗೆ ತಂದಿತು. ಹನ್ನೊಂದು ವರ್ಷ ಮೂಲೆ ಸೇರಿದ್ದ ತಟ್ಟೆ ಬಿಸಿಬಿಸಿಯಾಗಿ ಖರ್ಚಾಯಿತು. 2004ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಅಮೆರಿಕದ ಶ್ರೇಷ್ಠ ಚಿತ್ರಗೀತೆಗಳ ಪಟ್ಟಿ ಮಾಡಿದಾಗ ಇದಕ್ಕೆ ಎರಡನೆಯ ಸ್ಥಾನ ಸಿಕ್ಕಿತು.

44ನೇ ರಸ್ತೆಯಿಂದ 51ನೇ ರಸ್ತೆಗೆ ನಡೆಯಲು ಹತ್ತು ನಿಮಿಷ ಸಾಕು. ಈ ಹಾಡಿಗೆ ಹನ್ನೊಂದು ವರ್ಷ ಹಿಡಿಯಿತು. ನಡುವೆ ಅದನ್ನು ಜೋಪಾನ ಮಾಡಿದ್ದು ಒಬ್ಬ ಮೇಷ್ಟರ ನೆನಪು.

ಕಷ್ಟದ ಹಾಡು

ಪಕ್ಕದ 52ನೇ ರಸ್ತೆಯಲ್ಲಿ ಬ್ರಾಡ್‌ವೇಯಿಂದ ಪಶ್ಚಿಮಕ್ಕೆ ನೀಲ್ ಸೈಮನ್ ರಂಗಮಂದಿರವಿದೆ. 1927ರಲ್ಲಿ ತೆರೆದಾಗ ಅದರ ಹೆಸರು ಆಲ್ವಿನ್. ನಿರ್ಮಾಪಕರಾದ ಅಲೆಕ್ಸ್ ಆರನ್ಸ್ ಮತ್ತು ವಿಂಟನ್ ಫ್ರೀಡ್ಲಿ ತಮ್ಮ ಹೆಸರುಗಳ ಮೊದಲಕ್ಷರಗಳನ್ನು ಜೋಡಿಸಿ ಇಟ್ಟ ಹೆಸರು. 1983ರಲ್ಲಿ ಅದು ಬದಲಾಯಿತು.

1939ರ ನವೆಂಬರ್ 17ರಂದು ಇಲ್ಲಿ 'ವೆರಿ ವಾರ್ಮ್ ಫಾರ್ ಮೇ' ಆರಂಭವಾಯಿತು. ಸಂಗೀತ ಜೆರೋಮ್ ಕರ್ನ್, ಕಥೆ ಮತ್ತು ಸಾಹಿತ್ಯ ಆಸ್ಕರ್ ಹ್ಯಾಮರ್‌ಸ್ಟೈನ್. 1927ರಲ್ಲಿ 'ಶೋ ಬೋಟ್' ಕೊಟ್ಟು ಹೆಸರಾಗಿದ್ದ ಜೋಡಿ. ಆದರೆ ನ್ಯೂಯಾರ್ಕಿಗೆ ಬರುವ ಮೊದಲೇ ನಿರ್ಮಾಪಕರ ಒತ್ತಾಯಕ್ಕೆ ಕಥೆಯನ್ನು ಕತ್ತರಿಸಿ ಹೊಲಿದಾಗಿತ್ತು. ವಿಮರ್ಶಕರು ಕಥೆಯನ್ನು ಖಂಡಿಸಿದರು. 59 ಪ್ರಯೋಗಗಳಿಗೆ ಆಟ ಮುಗಿಯಿತು. ಈ ನಾಟಕದ ಸಂಗೀತ ದುರ್ಬಲವಾಗಿರಲಿಲ್ಲ. ಮುಳುಗಿದ ದೋಣಿಯಲ್ಲಿದ್ದ ಸರಕಿನ ಹಾಗೆ ಅದೂ ಕಥೆಯ ಜೊತೆ ಮುಳುಗಿತು, ಒಂದು ಹಾಡಿನ ಹೊರತು.

ಆ ಹಾಡು 'ಆಲ್ ದ ಥಿಂಗ್ಸ್ ಯು ಆರ್'. ಪಾಶ್ಚಾತ್ಯ ಜನಪ್ರಿಯ ಗೀತೆ ಸಾಮಾನ್ಯವಾಗಿ ಒಂದು ಶ್ರುತಿಯಲ್ಲಿ ಹುಟ್ಟಿ, ಹತ್ತಿರದ ಇನ್ನೊಂದಕ್ಕೆ ಹೋಗಿ, ಮನೆಗೆ ಮರಳುತ್ತದೆ. ಈ ಹಾಡು ಮೂವತ್ತಾರು ಆವರ್ತಗಳೊಳಗೆ ಐದು ಶ್ರುತಿಗಳನ್ನು ಸುತ್ತಿ ಬರುತ್ತದೆ. ಕರ್ನಾಟಕ ಸಂಗೀತದ ಗ್ರಹಭೇದದಲ್ಲಿ ಆಧಾರ ಸ್ವರ ಬದಲಾದಾಗ ಕೇಳುಗನಿಗೆ ಆಗುವ ಸೋಜಿಗವನ್ನು ಇದು ನೆನಪಿಸುತ್ತದೆ. ಜನ ಇದನ್ನು ಗುನುಗಲಾರರು, ಬಹಳ ಕಷ್ಟದ್ದಾಯಿತು ಎಂಬ ಅಳುಕು ಸ್ವತಃ ಕರ್ನ್ ಅವರಿಗೇ ಇತ್ತು.

ಆ ಕಷ್ಟವೇ ಹಾಡನ್ನು ಉಳಿಸಿತು. ಇದೇ 52ನೇ ರಸ್ತೆಯಲ್ಲಿ ಪೂರ್ವಕ್ಕೆ ಕೆಲವು ನಿಮಿಷ ನಡೆದರೆ, ಐದನೇ ಮತ್ತು ಏಳನೇ ಅವೆನ್ಯೂಗಳ ನಡುವೆ, ಮೂವತ್ತು ನಲವತ್ತರ ದಶಕಗಳಲ್ಲಿ ಹಳೆಯ ಮನೆಗಳ ನೆಲಮಾಳಿಗೆಯಲ್ಲಿ ಸಾಲು ಸಾಲು ಜಾಝ್ ಕ್ಲಬ್ಬುಗಳಿದ್ದವು. ಅಲ್ಲಿ ನುಡಿಸುತ್ತಿದ್ದ ಹೊಸ ತಲೆಮಾರಿನವರಿಗೆ ಸುಲಭದ ಹಾಡುಗಳು ಬೇಸರ ತಂದಿದ್ದವು. ಬುದ್ಧಿಗೂ ಬೆರಳಿಗೂ ಕೆಲಸ ಕೊಡುವ ಹಾಡು ಬೇಕಿತ್ತು. ಡಿಝಿ ಗಿಲೆಸ್ಪಿ ಮತ್ತು ಚಾರ್ಲಿ ಪಾರ್ಕರ್ 1945ರಲ್ಲಿ ಇದನ್ನು ಧ್ವನಿಮುದ್ರಿಸಿದರು. ಇಂದಿಗೂ ಜಾಝ್ ಕಲಿಯುವ ವಿದ್ಯಾರ್ಥಿ ಈ ಹಾಡನ್ನು ತಪ್ಪದೆ ಅಭ್ಯಾಸ ಮಾಡುತ್ತಾನೆ. ಕ್ಲಬ್ಬುಗಳಿದ್ದ ಜಾಗದಲ್ಲಿ ಈಗ ಗಗನಚುಂಬಿ ಕಚೇರಿಗಳಿವೆ. ಕರ್ನ್ 1945ರ ನವೆಂಬರ್‌ನಲ್ಲಿ ತೀರಿಕೊಂಡರು. ಬ್ರಾಡ್‌ವೇಗಾಗಿ ಅವರು ಬರೆದ ಕೊನೆಯ ಹೊಸ ನಾಟಕ 'ವೆರಿ ವಾರ್ಮ್ ಫಾರ್ ಮೇ'ಯೇ ಆಯಿತು.

ಹ್ಯಾಮರ್‌ಸ್ಟೈನ್ ಕಥೆ ಬೇರೆ ತಿರುವು ಪಡೆಯಿತು. ಸೋಲಿನ ಮೇಲೆ ಸೋಲು ಕಂಡಿದ್ದ ಅವರು ರಿಚರ್ಡ್ ರಾಜರ್ಸ್ ಜೊತೆ ಸೇರಿ 1943ರ ಮಾರ್ಚ್‌ನಲ್ಲಿ 'ಒಕ್ಲಹೋಮ' ಕೊಟ್ಟರು. 44ನೇ ರಸ್ತೆಯಲ್ಲಿ, ಶುಬರ್ಟ್‌ಗೆ ಹೆಚ್ಚುಕಡಿಮೆ ಎದುರಿನಲ್ಲೇ ಇರುವ ಸೇಂಟ್ ಜೇಮ್ಸ್ ರಂಗಮಂದಿರದಲ್ಲಿ ಅದು 2,212 ಪ್ರಯೋಗ ಕಂಡಿತು. ಊರೆಲ್ಲ ಹೊಗಳುತ್ತಿದ್ದಾಗ, 1944ರ ಆರಂಭದಲ್ಲಿ, ರಂಗಭೂಮಿಯ ಪತ್ರಿಕೆ 'ವೆರೈಟಿ'ಯಲ್ಲಿ ಅವರು ಹಣ ಕೊಟ್ಟು ಒಂದು ಜಾಹೀರಾತು ಹಾಕಿಸಿದರು. ಅದರಲ್ಲಿದ್ದದ್ದು ಗೆದ್ದ ನಾಟಕದ ಹೊಗಳಿಕೆಯಾಗಿರಲಿಲ್ಲ. ತಮ್ಮ ಸೋತ ನಾಟಕಗಳ ಹೆಸರುಗಳು, ಪ್ರತಿಯೊಂದೂ ಎಷ್ಟು ವಾರ ನಡೆಯಿತೆಂಬ ಲೆಕ್ಕ. 'ವೆರಿ ವಾರ್ಮ್ ಫಾರ್ ಮೇ', ಏಳು ವಾರ, ಎಂಬುದೂ ಅದರಲ್ಲಿತ್ತು. ಹಿಂದೆ ಸೋತಿದ್ದೇನೆ, ಮತ್ತೂ ಸೋಲಬಲ್ಲೆ ಎಂಬ ಧಾಟಿಯ ಒಕ್ಕಣೆ ಬೇರೆ. ಅಂಕಪಟ್ಟಿಯ ಒಳ್ಳೆಯ ಪುಟವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದು ಲೋಕರೂಢಿ. ಈ ಮನುಷ್ಯ ತೂಗುಹಾಕಿದ್ದು ಇನ್ನೊಂದು ಪುಟವನ್ನು.

ಇಲ್ಲದ ಮಂದಿರ

ಏಳನೇ ಅವೆನ್ಯೂ ಹಿಡಿದು ಉತ್ತರಕ್ಕೆ ಆರು ರಸ್ತೆ ನಡೆದರೆ 58ನೇ ರಸ್ತೆಯ ಮೂಲೆ. ಇಲ್ಲಿ ನೋಡಲು ಏನೂ ಇಲ್ಲ. ವಸತಿ ಕಟ್ಟಡವೊಂದು ನಿಂತಿದೆ, ಬಾಗಿಲಲ್ಲಿ ಕಾವಲುಗಾರ. 1921ರಿಂದ ಇಲ್ಲೊಂದು ದೊಡ್ಡ ರಂಗಮಂದಿರವಿತ್ತು. ಹಲವು ಸಲ ಹೆಸರು ಬದಲಿಸಿ ಕೊನೆಗೆ ನ್ಯೂ ಸೆಂಚುರಿ ಎನಿಸಿಕೊಂಡು 1962ರಲ್ಲಿ ನೆಲಸಮವಾಯಿತು. 1948ರಲ್ಲಿ ಕೋಲ್ ಪೋರ್ಟರ್ ಅವರ ಜಯಭೇರಿ 'ಕಿಸ್ ಮಿ ಕೇಟ್' ಮೊದಲು ಮೊಳಗಿದ್ದು ಇಲ್ಲಿ.

ಐದು ವರ್ಷಗಳ ನಂತರ, 1953ರ ಸೆಪ್ಟೆಂಬರ್ 8ರಂದು, ಅದೇ ರಂಗದ ಮೇಲೆ 'ಕಾರ್ನಿವಲ್ ಇನ್ ಫ್ಲ್ಯಾಂಡರ್ಸ್' ಬಂತು. ಪ್ರಸಿದ್ಧ ಫ್ರೆಂಚ್ ಚಿತ್ರವೊಂದರ ಕಥೆ. ನಿರ್ದೇಶನ ಹಾಲಿವುಡ್ಡಿನ ಹೆಸರಾಂತ ಪ್ರೆಸ್ಟನ್ ಸ್ಟರ್ಜಸ್ ಅವರದು. ಹಾಡುಗಳು ಜಾನಿ ಬರ್ಕ್ ಮತ್ತು ಜಿಮ್ಮಿ ವ್ಯಾನ್ ಹ್ಯೂಸೆನ್ ಜೋಡಿಯದು. ಅವರು ಚಿತ್ರರಂಗದಲ್ಲಿ ಆಸ್ಕರ್ ಗೆದ್ದವರು. ಹೆಸರುಗಳಿಗೆ ಕೊರತೆಯಿರಲಿಲ್ಲ. ಸೆಪ್ಟೆಂಬರ್ 12ಕ್ಕೆ ನಾಟಕ ಮುಗಿಯಿತು. ಒಟ್ಟು ಆರು ಪ್ರಯೋಗ.

ಆ ಆರು ಪ್ರಯೋಗಗಳಲ್ಲಿ ನಾಯಕಿಯಾಗಿದ್ದ ಡೊಲೊರೆಸ್ ಗ್ರೇ ಮರುವರ್ಷ ಅತ್ಯುತ್ತಮ ನಟಿಯೆಂದು ಟೋನಿ ಪ್ರಶಸ್ತಿ ಪಡೆದರು. ಇಷ್ಟು ಅಲ್ಪಾಯುಷಿಯಾದ ನಾಟಕದ ಪಾತ್ರಕ್ಕೆ ಆ ಪ್ರಶಸ್ತಿ ಬಂದದ್ದು ದಾಖಲೆಯೇ ಸರಿ. ಇನ್ನೊಂದು ಉಳಿಕೆ 'ಹಿಯರ್ಸ್ ದಟ್ ರೇನಿ ಡೇ' ಎಂಬ ಹಾಡು. ಕಷ್ಟಕಾಲಕ್ಕೆಂದು ಏನನ್ನೂ ಉಳಿಸಿಕೊಳ್ಳದವನಿಗೆ ಆ ಕಾಲ ಬಂದೇಬಿಟ್ಟಾಗ ಆಗುವ ದಿಗಿಲು ಅದರ ವಸ್ತು. 1959ರಲ್ಲಿ ಫ್ರಾಂಕ್ ಸಿನಾತ್ರ ಅದನ್ನು ತಮ್ಮ ಧ್ವನಿಮುದ್ರಿಕೆಗೆ ಆರಿಸಿಕೊಂಡರು. ಆಮೇಲೆ ಜಾಝ್ ಗಾಯಕರು, ಗಿಟಾರ್ ವಾದಕರು, ಪಿಯಾನೋ ವಾದಕರು ಸಾಲುಸಾಲಾಗಿ ಕೈಗೆತ್ತಿಕೊಂಡರು. 1992ರ ಮೇ ತಿಂಗಳಲ್ಲಿ ದೂರದರ್ಶನದ ಜನಪ್ರಿಯ ನಿರೂಪಕ ಜಾನಿ ಕಾರ್ಸನ್ ಮೂವತ್ತು ವರ್ಷಗಳ ಕಾರ್ಯಕ್ರಮದಿಂದ ನಿವೃತ್ತರಾಗುವ ಮುನ್ನಾದಿನ ಗಾಯಕಿ ಬೆಟ್ ಮಿಡ್ಲರ್ ಜೊತೆ ಹಾಡಿದ್ದೂ ಇದನ್ನೇ. ಅದನ್ನು ಮನೆಯಲ್ಲಿ ಕುಳಿತು ಕೇಳಿದ ಎಷ್ಟು ಜನರಿಗೆ ಆ ಆರು ಪ್ರಯೋಗಗಳ ನಾಟಕದ ಹೆಸರು ಗೊತ್ತಿದ್ದೀತು!

ಮಂದಿರವೂ ಇಲ್ಲ, ನಾಟಕವೂ ಇಲ್ಲ. ಹಾಡಿಗೆ ಇಬ್ಬರ ಹಂಗೂ ಇಲ್ಲ.

ಕೊನೆಯ ನಿಲ್ದಾಣ

58ರಿಂದ 65ನೇ ರಸ್ತೆಗೆ ಬರುವ ಹೊತ್ತಿಗೆ ಅಂಗಡಿಗಳ ಗದ್ದಲ ಹಿಂದೆ ಸರಿದು ಲಿಂಕನ್ ಸೆಂಟರ್ ಎಂಬ ಕಲಾಸಂಕೀರ್ಣದ ಅಂಗಳ ತೆರೆದುಕೊಳ್ಳುತ್ತದೆ. ಅದರ ಒಂದು ಬದಿಯಲ್ಲಿ ಪ್ರದರ್ಶನ ಕಲೆಗಳಿಗೆಂದೇ ಮೀಸಲಾದ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಶಾಖೆಯಿದೆ. 1965ರಿಂದ ಇಲ್ಲಿದೆ. ಪ್ರವೇಶಕ್ಕೆ ಹಣ ಕೊಡಬೇಕಿಲ್ಲ. ಹಳೆಯ ನಾಟಕಗಳ ಹಸ್ತಪ್ರತಿ, ಸ್ವರಲಿಪಿ, ಛಾಯಾಚಿತ್ರ, ಪತ್ರಿಕಾ ತುಣುಕುಗಳನ್ನು ಇಲ್ಲಿ ಕಾಪಾಡಿಡಲಾಗಿದೆ. 1970ರಿಂದೀಚೆಗೆ ನಾಟಕಗಳನ್ನು ಚಿತ್ರೀಕರಿಸಿ ಇಡುವ ಕೆಲಸವೂ ನಡೆದಿದೆ. ಗೆದ್ದವರ ಕಾಗದ, ಸೋತವರ ಕಾಗದ ಎಂಬ ಭೇದ ಇಲ್ಲಿನ ಕಪಾಟುಗಳಿಗೆ ಇಲ್ಲ.

ಇಂಥ ಕಾಪಾಡುವಿಕೆಯ ಬೆಲೆ ಬ್ರಾಡ್‌ವೇಗೆ ತಡವಾಗಿ ತಿಳಿಯಿತು. 1943ರಲ್ಲಿ 'ಒಕ್ಲಹೋಮ'ದ ಹಾಡುಗಳನ್ನು ಮೂಲ ನಟರಿಂದಲೇ ಹಾಡಿಸಿದ ತಟ್ಟೆಗಳು ಭರ್ಜರಿಯಾಗಿ ಮಾರಾಟವಾದ ಮೇಲಷ್ಟೇ ಇಡೀ ನಾಟಕದ ಹಾಡುಗಳನ್ನು ಮುದ್ರಿಸುವ ಪದ್ಧತಿ ಅಮೆರಿಕದಲ್ಲಿ ಬೇರೂರಿತು. ಅದಕ್ಕೂ ಹಿಂದಿನ ನಾಟಕ ನಿಂತರೆ ಅದರ ಸಂಗೀತ ಪೆಟ್ಟಿಗೆ ಸೇರುತ್ತಿತ್ತು. 1982ರಲ್ಲಿ ನ್ಯೂಜೆರ್ಸಿಯ ಸಿಕಾಕಸ್ ಎಂಬಲ್ಲಿನ ಉಗ್ರಾಣದಲ್ಲಿ ಕರ್ನ್, ಗರ್ಶ್ವಿನ್, ಪೋರ್ಟರ್ ಮೊದಲಾದವರ ಹಸ್ತಪ್ರತಿಗಳು ಹತ್ತಾರು ಪೆಟ್ಟಿಗೆಗಳಲ್ಲಿ ಸಿಕ್ಕಾಗ ರಂಗಭೂಮಿಯ ಜನ ಬೆರಗಾದರು. 55ನೇ ರಸ್ತೆಯ ಸಿಟಿ ಸೆಂಟರ್‌ನಲ್ಲಿ 1994ರಿಂದ 'ಎನ್‌ಕೋರ್ಸ್' ಎಂಬ ಮಾಲೆ ನಡೆದುಬಂದಿದೆ. ಮರೆತ ನಾಟಕಗಳ ಸಂಗೀತವನ್ನು ಪೂರ್ಣ ವಾದ್ಯವೃಂದದೊಂದಿಗೆ ಕೆಲವೇ ದಿನ ಹಾಡಿ ತೋರಿಸುವುದು ಅದರ ಉದ್ದೇಶ. ಒಂದು ಹಾಡಿನ ನೆರಳಲ್ಲಿ ಮರೆಯಾದ ಇತರ ಹಾಡುಗಳಿಗೂ ಹೀಗೆ ಒಂದು ಸಂಜೆ ಸಿಗುತ್ತದೆ.

ಸೋತ ಪ್ರತಿ ನಾಟಕದಲ್ಲೂ ಇಂಥ ಹಾಡೊಂದು ಅಡಗಿದೆ ಎಂದು ಭಾವಿಸುವುದು ಸರಿಯಲ್ಲ. ಬಹುಪಾಲು ನಾಟಕಗಳು ಏನನ್ನೂ ಉಳಿಸದೆ ಹೋದವು. ಒಳ್ಳೆಯ ಹಾಡಿದ್ದ ಮಾತ್ರಕ್ಕೆ ನಾಟಕ ಉಳಿಯಲಿಲ್ಲ ಎಂಬುದೂ ಈ ದಾರಿಯಲ್ಲಿ ಮತ್ತೆ ಮತ್ತೆ ಕಂಡ ಸತ್ಯವೇ. ಆದರೆ ಉಳಿದ ನಾಲ್ಕಕ್ಕೂ ಒಂದು ಸಮಾನ ಗುಣವಿದೆ. ಅವು ಕಥೆಯ ಕೈ ಬಿಟ್ಟು ಒಬ್ಬಂಟಿಯಾಗಿ ನಡೆಯಬಲ್ಲವು. ಮತ್ತು ಪ್ರತಿಯೊಂದನ್ನೂ ಎತ್ತಿಕೊಳ್ಳಲು ಯಾರೋ ಒಬ್ಬರು ಬಂದರು: ಒಬ್ಬ ಶಾಲಾ ಶಿಕ್ಷಕ, ನೆಲಮಾಳಿಗೆಯ ವಾದ್ಯಗಾರರು, ಮಗನನ್ನು ಯುದ್ಧಕ್ಕೆ ಕಳಿಸಿದ ತಾಯಂದಿರು. ಮೊದಲ ರಾತ್ರಿಯ ವಿಮರ್ಶೆ ಬರೆದವರಿಗೆ ಅವರ್ಯಾರೂ ಕಂಡಿರಲಿಲ್ಲ.

ಗ್ರಂಥಾಲಯದಿಂದ ಹೊರಬಂದು ರೈಲು ಹಿಡಿದು ಮತ್ತೆ ಟೈಮ್ಸ್ ಸ್ಕ್ವೇರಿಗೆ ಬಂದರೆ ಸಂಜೆಯ ಆಟದ ಸಾಲುಗಳು ಬೆಳೆಯುತ್ತಿರುತ್ತವೆ. 46ನೇ ರಸ್ತೆಯ ಮಂದಿರದ ಒಂದೇ ಬಾಗಿಲಿನಿಂದ ಎಲ್ಲ ಟಿಕೇಟಿನವರೂ ಒಳಹೋಗುತ್ತಿರುತ್ತಾರೆ. ಸುತ್ತಲಿನ ಯಾವುದೋ ರಂಗದ ಮೇಲೆ ಅಂದು ರಾತ್ರಿ ಒಂದು ಹೊಸ ನಾಟಕ ಬೀಳುತ್ತಿರಬಹುದು. ಅದರ ಎರಡನೆಯ ಅಂಕದಲ್ಲಿ ಯಾರೋ ಒಬ್ಬ ಹುಡುಗಿ ಅರ್ಧ ಖಾಲಿಯಾದ ಆಸನಗಳ ಎದುರು ನಿಂತು ಒಂದು ಹಾಡು ಹಾಡುತ್ತಿರಬಹುದು.